ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನ: ಯಾವ ಸ್ಕ್ಯಾನ್ ಮೊದಲು, ಯಾವುದು ಆಮೇಲೆ? ಮೈಸೂರಿಗೆ ನಿಜಕ್ಕೂ ಬೇಕಿರೋದೇನು?

ಮೈಸೂರು: ನಗರದಲ್ಲಿ ಈಗ ಸ್ಕ್ಯಾನಿಂಗ್ ಸೆಂಟರ್‌ಗಳಿಗೇನೂ ಬರ ಇಲ್ಲ. ಹಬ್ಬದ ಆಫರ್ ಥರ 'ಹೋಲ್ ಬಾಡಿ ಚೆಕಪ್' ಪ್ಯಾಕೇಜ್‌ಗಳ ಬೋರ್ಡ್ ಎಲ್ಲಾ ಕಡೆ ಕಾಣುತ್ತೆ. ಐವತ್ತು ದಾಟಿದ ಗಂಡಸರ ಪ್ಯಾಕೇಜ್ ಆದರೆ ಪಿಎಸ್‌ಎ ಅನ್ನೋ ಒಂದು ರಕ್ತ ಪರೀಕ್ಷೆಯನ್ನೂ ಅದರಲ್ಲಿ ಸೇರಿಸಿಬಿಡ್ತಾರೆ. ಎರಡು ದಿನ ಬಿಟ್ಟು ವಾಟ್ಸಾಪ್‌ಗೆ ರಿಪೋರ್ಟ್ ಬರುತ್ತೆ: ಪಿಎಸ್‌ಎ 6, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಹೈ'. ಅಲ್ಲಿಂದ ಓಡಾಟ ಶುರು. ಒಬ್ಬರು ಹೊಟ್ಟೆ ಸ್ಕ್ಯಾನ್ ಮಾಡಿಸಿ ಅಂತಾರೆ, ಇನ್ನೊಬ್ಬರು ಸಿಟಿ ಅಂತಾರೆ, ಬೆಂಗಳೂರಲ್ಲಿರೋ ಮಗ ಗೂಗಲ್ ನೋಡಿ 'ಪೆಟ್ ಸ್ಕ್ಯಾನ್ ಮಾಡಿಸೇಬಿಡೋಣ' ಅಂತಾನೆ. ಕಾಯಿಲೆ ಇದೆಯೋ ಇಲ್ಲವೋ ಅನ್ನೋದು ಗೊತ್ತಾಗೋ ಮೊದಲೇ ಹತ್ತಾರು ಸಾವಿರ ಖರ್ಚಾಗಿ, ಅಂಗಡಿ ನಾಲ್ಕು ದಿನ ಬಾಗಿಲು ಹಾಕಿರುತ್ತೆ.

ಈ ಓಡಾಟದಲ್ಲಿ ಯಾರೂ ಬಿಡಿಸಿ ಹೇಳದ ಒಂದು ಮಾತಿದೆ. ಈ ಸ್ಕ್ಯಾನ್‌ಗಳು ಒಂದಕ್ಕಿಂತ ಒಂದು 'ದೊಡ್ಡದು' ಅಲ್ಲ. ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತೆ. ದುಬಾರಿ ಸ್ಕ್ಯಾನ್ ಮೊದಲೇ ಮಾಡಿಸಿದರೆ ಬೇಗ ಗೊತ್ತಾಗುತ್ತೆ ಅನ್ನೋದು ಟಿವಿ, ಫ್ರಿಜ್ ಕೊಳ್ಳೋ ಲೆಕ್ಕ. ಇಲ್ಲಿ ಅದು ನಡೆಯಲ್ಲ.

ಬೈಡನ್ ಸುದ್ದಿ ಮತ್ತು ನಮ್ಮೂರಿನ ಗಾಬರಿ

2025ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ಅದು ಆಗಲೇ ಮೂಳೆಗೆ ಹರಡಿದೆ ಅನ್ನೋ ಸುದ್ದಿ ಬಂತು. ಗ್ಲೀಸನ್ ಸ್ಕೋರ್ 9, ಅಂದರೆ ಜೋರಾಗಿ ಬೆಳೆಯುವ ಜಾತಿ. ಅವರ ಕೊನೆಯ ಪಿಎಸ್‌ಎ ಪರೀಕ್ಷೆ 2014ರಲ್ಲಿ ಆಗಿತ್ತು ಅಂತ ಅವರ ಕಚೇರಿಯೇ ಆಮೇಲೆ ಹೇಳಿತು. ಅಷ್ಟು ದೊಡ್ಡ ಮನುಷ್ಯನಿಗೇ ಹೀಗಾದರೆ ನಮ್ಮ ಗತಿ ಏನು ಅಂತ ಇಲ್ಲಿನ ಟೀ ಅಂಗಡಿಗಳಲ್ಲೂ ಮಾತಾಯಿತು. ಅದಕ್ಕೂ ಮೊದಲು, 2024ರ ಡಿಸೆಂಬರ್‌ನಲ್ಲಿ ನಟ ಶಿವರಾಜ್‌ಕುಮಾರ್ ಅಮೆರಿಕದ ಮಯಾಮಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗಲೂ ಇದೇ ಮಾತು. ಆದರೆ ಶಿವಣ್ಣನಿಗೆ ಆಗಿದ್ದು ಮೂತ್ರಕೋಶದ ಕ್ಯಾನ್ಸರ್, ಪ್ರಾಸ್ಟೇಟ್‌ದಲ್ಲ. ಎರಡೂ ಅಕ್ಕಪಕ್ಕದ ಅಂಗ, ಕಾಯಿಲೆ ಬೇರೆ, ಪರೀಕ್ಷೆ ಬೇರೆ.

ಪ್ರಾಸ್ಟೇಟ್ ಅನ್ನೋದು ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು ಇರುತ್ತೆ. ಹರೆಯದಲ್ಲಿ ಬೆಟ್ಟದ ನೆಲ್ಲಿಕಾಯಿ ಗಾತ್ರ, ವಯಸ್ಸಾದ ಹಾಗೆ ದೊಡ್ಡದಾಗುತ್ತೆ. ರಾತ್ರಿ ನಾಲ್ಕು ಸಲ ಏಳೋದು, ತಡೆದು ತಡೆದು ಬರೋದು, ಹೋಗಿ ಬಂದ ಮೇಲೂ ಇನ್ನೂ ಉಳಿದಿದೆ ಅನಿಸೋದು, ಇವೆಲ್ಲ ಬಹುಪಾಲು ಈ ಸಾಧಾರಣ ಊತದಿಂದ. ಈ ಊತ ಆಗೋದು ಮೂತ್ರನಾಳದ ಸುತ್ತಲಿನ ಒಳಭಾಗದಲ್ಲಿ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟೋದು ಹೊರಭಾಗದಲ್ಲಿ. ಹಾಗಾಗಿ ಶುರುವಿನಲ್ಲಿ ಅದು ಮೂತ್ರಕ್ಕೆ ಅಡ್ಡ ಬರೋದೇ ಇಲ್ಲ, ತೊಂದರೆಯನ್ನೂ ಕೊಡೋದಿಲ್ಲ. ನಮ್ಮಲ್ಲಿ ಎಷ್ಟೋ ಜನ ಸೊಂಟನೋವು, ಬೆನ್ನುಮೂಳೆ ನೋವು ಅಂತ ಮೂಳೆ ಡಾಕ್ಟರ ಹತ್ತಿರ ಹೋಗಿ, ಅಲ್ಲಿಂದ ಈ ಕಾಯಿಲೆ ಹೊರಗೆ ಬೀಳೋದು ಇದಕ್ಕೇ.

ಇದು ಪಾಶ್ಚಾತ್ಯರ ಕಾಯಿಲೆ ಅನ್ನೋ ಕಾಲ ಹೋಯ್ತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಡೆಸುವ ಕ್ಯಾನ್ಸರ್ ನೋಂದಣಿಯಲ್ಲಿ ಗಂಡಸರ ಮುಂಚೂಣಿ ಕ್ಯಾನ್ಸರ್‌ಗಳ ಸಾಲಿನಲ್ಲಿ ಪ್ರಾಸ್ಟೇಟ್ ಇದೆ. ಪ್ರಪಂಚದಲ್ಲಿ 2020ರಲ್ಲಿ ಸುಮಾರು 14 ಲಕ್ಷ ಇದ್ದ ಹೊಸ ಪ್ರಕರಣ 2040ಕ್ಕೆ 29 ಲಕ್ಷ ಆಗುತ್ತೆ ಅಂತ 'ಲ್ಯಾನ್ಸೆಟ್' ಆಯೋಗ 2024ರಲ್ಲಿ ಅಂದಾಜು ಕೊಟ್ಟಿದೆ. ಜನ ಹೆಚ್ಚು ವರ್ಷ ಬದುಕೋದೇ ಇದಕ್ಕೆ ಮುಖ್ಯ ಕಾರಣ.

ಪಿಎಸ್‌ಎ: ಗಂಟೆ ಬಾರಿಸುತ್ತೆ, ಕಳ್ಳನನ್ನು ತೋರಿಸಲ್ಲ

ಪಿಎಸ್‌ಎ ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೊಟೀನ್. 4 ದಾಟಿದರೆ ಸಾಮಾನ್ಯವಾಗಿ 'ಹೈ' ಅಂತ ಬರೀತಾರೆ. ಆದರೆ ಸಾಧಾರಣ ಊತಕ್ಕೂ ಅದು ಏರುತ್ತೆ, ಮೂತ್ರದ ಸೋಂಕಿಗೂ ಏರುತ್ತೆ, ಮೂತ್ರ ಕಟ್ಟಿ ಪೈಪ್ ಹಾಕಿದ್ದರಂತೂ ಜೋರಾಗೇ ಏರುತ್ತೆ. ಸೋಂಕು ಇದ್ದರೆ ಅದನ್ನು ವಾಸಿ ಮಾಡಿ, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಬೇಕು. ಒಂದೇ ರಿಪೋರ್ಟ್ ಹಿಡಿದು ಸ್ಕ್ಯಾನ್‌ಗೆ ಓಡಬೇಕಿಲ್ಲ.

ಇದರ ತಿರುಗಾ ಮುರುಗಾ ಕೂಡ ಇದೆ. ಪ್ರಾಸ್ಟೇಟ್ ಊತಕ್ಕೆ ಡ್ಯುಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಸೇರಿದ ಮಾತ್ರೆಯನ್ನು ಎಷ್ಟೋ ಜನ ವರ್ಷಗಟ್ಟಲೆ ನುಂಗ್ತಾ ಇರ್ತಾರೆ. ಆರು ತಿಂಗಳು ಅದನ್ನು ತೆಗೆದುಕೊಂಡರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತೆ. ಅಂಥವರ ರಿಪೋರ್ಟ್‌ನಲ್ಲಿ 3 ಅಂತ ಬಂದರೆ ಅದನ್ನು 6 ಅಂತ ಓದಬೇಕು. ಲ್ಯಾಬ್‌ನವರಿಗೆ ನೀವು ಯಾವ ಮಾತ್ರೆ ನುಂಗ್ತೀರಿ ಅಂತ ಗೊತ್ತಿರಲ್ಲ, 'ನಾರ್ಮಲ್' ಅಂತ ಬರೆದು ಕಳಿಸ್ತಾರೆ. ಡಾಕ್ಟರಿಗೆ ಮಾತ್ರೆಯ ಹಾಳೆ ತೋರಿಸೋದನ್ನು ಮರೀಬೇಡಿ.

ಹೊಟ್ಟೆ ಸ್ಕ್ಯಾನ್: ಗಾತ್ರ ಗೊತ್ತಾಗುತ್ತೆ, ಕ್ಯಾನ್ಸರ್ ಅಲ್ಲ

ಮೊದಲು ಎಲ್ಲರೂ ಮಾಡಿಸೋದು ಹೊಟ್ಟೆ ಮೇಲೆ ಜೆಲ್ ಹಚ್ಚಿ ನೋಡುವ ಅಲ್ಟ್ರಾಸೌಂಡ್. ಹುಣಸೂರು, ನಂಜನಗೂಡು, ತಿ. ನರಸೀಪುರದಂಥ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತೆ. ರಿಪೋರ್ಟ್‌ನಲ್ಲಿ 'ಪ್ರಾಸ್ಟೆಟೊಮೆಗಲಿ ಗ್ರೇಡ್ 2' ಅಂತ ಕಂಡ ಕೂಡಲೇ ಎದೆ ಧಸಕ್ ಅನ್ನುತ್ತೆ. ಗ್ರೇಡ್ ಅಂದ ತಕ್ಷಣ ಕ್ಯಾನ್ಸರ್ ಗ್ರೇಡ್ ಅಂದುಕೊಳ್ತಾರೆ. ಅಲ್ಲ. ಇಲ್ಲಿ ಗ್ರೇಡ್ ಅಂದರೆ ಗ್ರಂಥಿ ಎಷ್ಟು ದಪ್ಪ ಆಗಿದೆ ಅನ್ನೋದು ಮಾತ್ರ. ಹಾಗೇನೇ, ಈ ಸ್ಕ್ಯಾನ್‌ನಲ್ಲಿ ಏನೂ ಬರೆದಿಲ್ಲ ಅಂದರೆ ಕ್ಯಾನ್ಸರ್ ಇಲ್ಲ ಅಂತಲೂ ಅಲ್ಲ. ಹೊಟ್ಟೆ ಮೇಲಿಂದ ಅಷ್ಟು ಒಳಗಿನ ಗ್ರಂಥಿಯಲ್ಲಿ ಸಣ್ಣ ಗಡ್ಡೆ ಕಾಣಿಸೋದಿಲ್ಲ.

ಹಾಗಾದರೆ ಇದು ದಂಡವೇ? ದಂಡ ಅಲ್ಲ. ಕಿಡ್ನಿ ಊದಿದೆಯಾ, ಮೂತ್ರ ಹೋದ ಮೇಲೂ ಎಷ್ಟು ಉಳಿಯುತ್ತೆ ಅಂತ ತಿಳಿಯುತ್ತೆ. ಅದಕ್ಕಿಂತ ಮುಖ್ಯವಾಗಿ ಗ್ರಂಥಿಯ ಗಾತ್ರ ಸಿಗುತ್ತೆ. ಆ ಗಾತ್ರದಿಂದ ಒಂದು ಸುಲಭ ಲೆಕ್ಕ ಹಾಕಬಹುದು. ಪಿಎಸ್‌ಎ ಸಂಖ್ಯೆಯನ್ನು ಗಾತ್ರದಿಂದ ಭಾಗಿಸಿ. ಪಿಎಸ್‌ಎ 6 ಇದ್ದು, ಗ್ರಂಥಿ 60 ಸಿಸಿ ಇದ್ದರೆ ಬರೋದು 0.10. ಅದೇ 6 ಇದ್ದು, ಗ್ರಂಥಿ 25 ಸಿಸಿ ಮಾತ್ರ ಇದ್ದರೆ 0.24. ಇದಕ್ಕೆ ಪಿಎಸ್‌ಎ ಡೆನ್ಸಿಟಿ ಅಂತಾರೆ, ಸಾಮಾನ್ಯವಾಗಿ 0.15 ದಾಟಿದರೆ ಅನುಮಾನ ಗಟ್ಟಿ. ದೊಡ್ಡ ಗ್ರಂಥಿ ಹೆಚ್ಚು ಪಿಎಸ್‌ಎ ಬಿಡೋದು ಸಹಜ. ಚಿಕ್ಕ ಗ್ರಂಥಿ ಅಷ್ಟೇ ಬಿಡ್ತಾ ಇದೆ ಅಂದರೆ ಯಾಕೆ ಅಂತ ಕೇಳಬೇಕು. ಇಬ್ಬರ ರಿಪೋರ್ಟ್‌ನಲ್ಲೂ ಒಂದೇ ಸಂಖ್ಯೆ, ಅರ್ಥ ಮಾತ್ರ ಬೇರೆ. ಕೆಲವು ನೂರು ರೂಪಾಯಿ ಖರ್ಚಿನಲ್ಲಿ ಸಿಗುವ ಈ ಲೆಕ್ಕವನ್ನು ಡಾಕ್ಟರ ಹತ್ತಿರ ಕೇಳೋರೇ ಕಡಿಮೆ. (ಹೊಟ್ಟೆ ಸ್ಕ್ಯಾನ್ ಅಳತೆ ಸ್ವಲ್ಪ ಆಚೀಚೆ ಇರುತ್ತೆ, ಎಂಆರ್‌ಐ ಅಳತೆ ಇನ್ನೂ ಸರಿ ಇರುತ್ತೆ ಅನ್ನೋದೂ ಗೊತ್ತಿರಲಿ.)

ಮೂಟೆಗೆ ಕೊಳವೆ ಚುಚ್ಚೋ ಪದ್ಧತಿ

ಅನುಮಾನ ಗಟ್ಟಿಯಾದರೆ ಕೊನೆಗೆ ತುಣುಕು ತೆಗೆದು ಲ್ಯಾಬ್‌ಗೆ ಕಳಿಸಲೇಬೇಕು. ಅದೇ ಬಯಾಪ್ಸಿ. ಯಾವ ಸ್ಕ್ಯಾನೂ ಅದಕ್ಕೆ ಬದಲಿ ಅಲ್ಲ. ಪ್ರಶ್ನೆ ಇರೋದು, ತುಣುಕು ಎಲ್ಲಿಂದ ತೆಗೀಬೇಕು ಅನ್ನೋದು.

ದಶಕಗಳಿಂದ ನಡೆದುಬಂದ ಕ್ರಮ ಹೀಗೆ: ಗುದದ್ವಾರದ ಮೂಲಕ ಬೆರಳು ದಪ್ಪದ ಅಲ್ಟ್ರಾಸೌಂಡ್ ಕಡ್ಡಿ ಇಟ್ಟು, ಅದರಲ್ಲಿ ಗ್ರಂಥಿ ನೋಡಿಕೊಂಡು, 10ರಿಂದ 12 ಕಡೆ ಸೂಜಿಯಿಂದ ತುಣುಕು ತೆಗೆಯೋದು. ಈ ಅಲ್ಟ್ರಾಸೌಂಡ್‌ನಲ್ಲಿ ಗ್ರಂಥಿ ಕಾಣುತ್ತೆ, ಗಡ್ಡೆ ಬಹಳ ಸಲ ಕಾಣಲ್ಲ. ಬಂಡಿಪಾಳ್ಯದ ಎಪಿಎಂಸಿಯಲ್ಲಿ ಅಕ್ಕಿ ಮೂಟೆಗೆ ಕೊಳವೆ ಚುಚ್ಚಿ ಸ್ಯಾಂಪಲ್ ನೋಡೋದು ವ್ಯಾಪಾರಿಗಳಿಗೆ ಗೊತ್ತು. ಮೂಟೆಯ ಒಂದೇ ಮೂಲೆ ಒದ್ದೆಯಾಗಿದ್ದರೆ, ಹನ್ನೆರಡು ಕಡೆ ಚುಚ್ಚಿದರೂ ಆ ಮೂಲೆ ತಪ್ಪಿಹೋಗಬಹುದು. ಇಲ್ಲೂ ಅದೇ ಕತೆ. ಇನ್ನೊಂದು ಕಡೆ, ತೊಂದರೆ ಕೊಡದ ಸಣ್ಣಪುಟ್ಟ ಕ್ಯಾನ್ಸರ್ ಮಾತ್ರ ಸೂಜಿಗೆ ಸಿಕ್ಕಿ, ಮನೆಮಂದಿಯೆಲ್ಲ ಹೆದರಿ, ಬೇಡದ ಆಪರೇಷನ್‌ಗೆ ಹೋಗೋದೂ ಉಂಟು.

ಎಂಆರ್‌ಐ ಬಂದ ಮೇಲೆ ಬದಲಾಗಿದ್ದೇನು

ಎಂಆರ್‌ಐನಲ್ಲಿ ಎಕ್ಸ್‌ರೇ ಇಲ್ಲ, ವಿಕಿರಣ ಇಲ್ಲ, ಇರೋದು ದೊಡ್ಡ ಅಯಸ್ಕಾಂತ. ಪ್ರಾಸ್ಟೇಟ್‌ಗೆ ಅದರಲ್ಲಿ ಎರಡು ಚಿತ್ರ ಮುಖ್ಯ. ಒಂದು ಗ್ರಂಥಿಯ ಒಳವಿನ್ಯಾಸ ತೋರಿಸುತ್ತೆ. ಇನ್ನೊಂದು ಒಳಗಿನ ನೀರಿನ ಕಣಗಳು ಎಷ್ಟು ಸಲೀಸಾಗಿ ಓಡಾಡ್ತಾ ಇವೆ ಅಂತ ತೋರಿಸುತ್ತೆ. ಮಾಮೂಲಿ ದಿನ ಬೆಳಗ್ಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಆರಾಮಾಗಿ ನಡೀಬಹುದು. ಜಂಬೂಸವಾರಿ ದಿನ ಅದೇ ರಸ್ತೆಯಲ್ಲಿ ಕಾಲು ಎತ್ತಿಡೋಕೂ ಜಾಗ ಇರಲ್ಲ. ಕ್ಯಾನ್ಸರ್ ಕಣಗಳು ಒತ್ತೊತ್ತಾಗಿ ತುಂಬಿಕೊಂಡ ಕಡೆ ನೀರಿನ ಕಣಕ್ಕೂ ಹಾಗೇ ಆಗುತ್ತೆ. ಆ ಜಾಗ ಚಿತ್ರದಲ್ಲಿ ಎದ್ದು ಕಾಣುತ್ತೆ. ಮೂರನೆಯದಾಗಿ, ಕೈಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ರಕ್ತ ಹರಿಯೋದನ್ನು ನೋಡ್ತಾರೆ. ಎಲ್ಲ ಸೇರಿಸಿ ರೇಡಿಯಾಲಜಿ ಡಾಕ್ಟರು 1ರಿಂದ 5ರವರೆಗೆ ಅಂಕ ಹಾಕ್ತಾರೆ, ಅದರ ಹೆಸರು ಪೈರಾಡ್ಸ್. 1, 2 ಬಂದರೆ ಅನುಮಾನ ಕಡಿಮೆ, 4, 5 ಬಂದರೆ ಬಯಾಪ್ಸಿ ಬೇಕು, 3 ಬಂದರೆ ಮೇಲೆ ಹೇಳಿದ ಡೆನ್ಸಿಟಿ ಲೆಕ್ಕ, ವಯಸ್ಸು, ಮನೆತನದ ಇತಿಹಾಸ ನೋಡಿ ತೀರ್ಮಾನ.

ಹಳೇ ಬಯಾಪ್ಸಿಗೂ ಎಂಆರ್‌ಐಗೂ ನೇರ ಹೋಲಿಕೆ ಮಾಡಿದ್ದು ಬ್ರಿಟನ್ನಿನ 'ಪ್ರಾಮಿಸ್' ಅಧ್ಯಯನ. 2017ರಲ್ಲಿ ಪ್ರಕಟವಾಯಿತು. 576 ಗಂಡಸರಿಗೆ ಎಂಆರ್‌ಐನೂ ಮಾಡಿ, ಹಳೇ ಬಯಾಪ್ಸಿನೂ ಮಾಡಿ, ಜೊತೆಗೆ ಗ್ರಂಥಿಯ ಉದ್ದಗಲಕ್ಕೂ 5 ಮಿಲಿಮೀಟರ್‌ಗೊಂದರಂತೆ ತುಣುಕು ತೆಗೆದು ತಾಳೆ ನೋಡಿದರು. ಅಪಾಯದ ಕ್ಯಾನ್ಸರ್ ಇದ್ದ 100 ಜನರಲ್ಲಿ ಎಂಆರ್‌ಐ 93 ಜನರನ್ನು ಹಿಡಿಯಿತು, ಹಳೇ ಬಯಾಪ್ಸಿ ಹಿಡಿದದ್ದು 48 ಮಾತ್ರ. ಅರ್ಧಕ್ಕಿಂತ ಹೆಚ್ಚು ಜನ 'ಏನೂ ಇಲ್ಲ ಹೋಗಿ' ಅಂತ ಅನಿಸಿಕೊಂಡು ಮನೆಗೆ ಹೋಗ್ತಾ ಇದ್ದರು ಅಂತಾಯಿತು.

ಆದರೆ ಇದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಜಾಹೀರಾತಿನಲ್ಲಿ ಯಾರೂ ಹಾಕಲ್ಲ. ಅಪಾಯದ ಕ್ಯಾನ್ಸರ್ ಇಲ್ಲದ 100 ಜನರಲ್ಲಿ ಎಂಆರ್‌ಐ 'ನಿಮಗೇನಿಲ್ಲ' ಅಂತ ಬಿಟ್ಟುಕೊಟ್ಟಿದ್ದು ಬರೀ 41 ಜನರನ್ನು. ಉಳಿದವರ ಮೇಲೂ ಸುಮ್ಮನೆ ಅನುಮಾನ ಪಟ್ಟಿತು. ಬಯಾಪ್ಸಿಗೆ ಈ ಅಂಕಿ 96. ಅಂದರೆ ಎಂಆರ್‌ಐ ಒಳ್ಳೆ ಕಾವಲುಗಾರ, ಅಪಾಯವನ್ನು ಸುಲಭಕ್ಕೆ ಒಳಗೆ ಬಿಡೋದಿಲ್ಲ, ಆದರೆ ಬೀದಿಯಲ್ಲಿ ಹೋಗೋರನ್ನೂ ತಡೆದು ಕೇಳ್ತಾನೆ. ಎಂಆರ್‌ಐ ರಿಪೋರ್ಟ್‌ನಲ್ಲಿ ಪೈರಾಡ್ಸ್ 4 ಬಂತು ಅಂತ ಯಾರೂ ಆಸ್ತಿ ಭಾಗ ಮಾಡೋಕೆ ಕೂರಬೇಕಿಲ್ಲ, ಬಯಾಪ್ಸಿ ಆಗೋವರೆಗೂ ಅದು ಅನುಮಾನವೇ. ನಮ್ಮಲ್ಲಂತೂ ಪ್ರಾಸ್ಟೇಟ್‌ಗೆ ತಗುಲುವ ಕ್ಷಯ, ಹಳೇ ಸೋಂಕಿನ ಕಲೆಗಳು ಎಂಆರ್‌ಐನಲ್ಲಿ ಕ್ಯಾನ್ಸರ್ ಥರಾನೇ ಕಾಣಿಸಿಕೊಳ್ತವೆ.

ಆಮೇಲೆ 2018ರಲ್ಲಿ ಬಂದ 'ಪ್ರಿಸಿಷನ್' ಅಧ್ಯಯನ ಮುಂದಿನ ಪ್ರಶ್ನೆ ಕೇಳಿತು: ಎಂಆರ್‌ಐ ತೋರಿಸಿದ ಜಾಗಕ್ಕೇ ಗುರಿ ಇಟ್ಟು ಸೂಜಿ ಹಾಕಿದರೆ? 11 ದೇಶಗಳ 500 ಗಂಡಸರು. ಹಳೇ ಪದ್ಧತಿಯಲ್ಲಿ ಅಪಾಯದ ಕ್ಯಾನ್ಸರ್ 100ಕ್ಕೆ 26 ಜನರಲ್ಲಿ ಸಿಕ್ಕಿತು, ಎಂಆರ್‌ಐ ಮೊದಲು ಮಾಡಿದವರಲ್ಲಿ 38. ಬೇಡದ, ಅಪಾಯವಿಲ್ಲದ ಕ್ಯಾನ್ಸರ್ ಹಳೇ ಪದ್ಧತಿಯಲ್ಲಿ 22, ಹೊಸದರಲ್ಲಿ 9. ಎಂಆರ್‌ಐ ಗುಂಪಿನ ಕಾಲುಭಾಗಕ್ಕಿಂತ ಹೆಚ್ಚು ಜನಕ್ಕೆ ಬಯಾಪ್ಸಿಯೇ ಬೇಕಾಗಲಿಲ್ಲ. ಬೇಕಾದ್ದು ಹೆಚ್ಚು ಸಿಕ್ಕಿತು, ಬೇಡದ್ದು ಕಡಿಮೆ ಸಿಕ್ಕಿತು. ವೈದ್ಯಶಾಸ್ತ್ರದಲ್ಲಿ ಇವೆರಡೂ ಒಟ್ಟಿಗೆ ಸಿಗೋದು ಅಪರೂಪ.

ಅಪಾಯವಿಲ್ಲದ ಕ್ಯಾನ್ಸರ್ ಅಂದರೆ ಏನು ಅಂತ ಹುಬ್ಬೇರಿಸಬೇಡಿ. ಬ್ರಿಟನ್ನಿನಲ್ಲೇ ನಡೆದ 'ಪ್ರೊಟೆಕ್ಟ್' ಅಧ್ಯಯನದಲ್ಲಿ ಗ್ರಂಥಿಯೊಳಗೇ ಇದ್ದ ಕ್ಯಾನ್ಸರ್‌ನ 1,643 ಜನರನ್ನು 15 ವರ್ಷ ಹಿಂಬಾಲಿಸಿದರು. ಆಪರೇಷನ್ ಮಾಡಿಸಿಕೊಂಡವರು, ರೇಡಿಯೇಷನ್ ತೆಗೆದುಕೊಂಡವರು, ಬರೀ ನಿಗಾದಲ್ಲಿ ಇದ್ದವರು, ಮೂರೂ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು 100ಕ್ಕೆ ಮೂರು ಜನ ಆಜುಬಾಜು. ಎಲ್ಲರಿಗೂ ಕತ್ತರಿ ಬೇಕಿಲ್ಲ ಅನ್ನೋದು ಅದರಿಂದ ಗಟ್ಟಿಯಾಯಿತು.

ಇಲ್ಲಿ ಕ್ರಮದ ಮಾತು ಬರುತ್ತೆ. ಬಯಾಪ್ಸಿ ಮೊದಲು ಮಾಡಿಸಿ ಆಮೇಲೆ ಎಂಆರ್‌ಐಗೆ ಹೋದರೆ, ಸೂಜಿ ಚುಚ್ಚಿದ ಕಡೆ ರಕ್ತ ಕಟ್ಟಿಕೊಂಡು ಚಿತ್ರ ಮಬ್ಬಾಗುತ್ತೆ. ಸರಿಯಾಗಿ ಕಾಣಬೇಕು ಅಂದರೆ ಆರೆಂಟು ವಾರ ಕಾಯಬೇಕು. ಅದಕ್ಕೇ, 'ಮೊದಲು ಎಂಆರ್‌ಐ, ಆಮೇಲೆ ಸೂಜಿ' ಅಂತ ಯುರೋಪಿನ ಮೂತ್ರರೋಗ ತಜ್ಞರ ಮಾರ್ಗಸೂಚಿಯೂ ಹೇಳುತ್ತೆ. ಪಿಎಸ್‌ಎ ನೂರಾರು ಇದ್ದು, ಬೆರಳಿನ ಪರೀಕ್ಷೆಯಲ್ಲೇ ಕಲ್ಲಿನಂಥ ಗಡ್ಡೆ ಸಿಕ್ಕಿ, ಮೂಳೆ ನೋವೂ ಇದ್ದರೆ ಮಾತು ಬೇರೆ. ಅಲ್ಲಿ ಎಂಆರ್‌ಐಗೆ ಕಾಯದೆ ಮುಂದುವರಿಯಬಹುದು.

ಇಂಜೆಕ್ಷನ್ ಇಲ್ಲದ ಎಂಆರ್‌ಐ: ನಮ್ಮೂರಿಗೆ ದೊಡ್ಡ ಸುದ್ದಿ ಇದೇ

2025ರ ಸೆಪ್ಟೆಂಬರ್‌ನಲ್ಲಿ 'ಪ್ರೈಮ್' ಅನ್ನೋ ಅಧ್ಯಯನ 'ಜಾಮಾ' ಪತ್ರಿಕೆಯಲ್ಲಿ ಬಂತು. ಬೈಡನ್ ಸುದ್ದಿಗೆ ಸಿಕ್ಕ ಪ್ರಚಾರದಲ್ಲಿ ನೂರರಲ್ಲೊಂದು ಪಾಲೂ ಇದಕ್ಕೆ ಸಿಗಲಿಲ್ಲ. ಮೇಲೆ ಹೇಳಿದ ಮೂರನೇ ಹಂತ, ಕಾಂಟ್ರಾಸ್ಟ್ ಇಂಜೆಕ್ಷನ್, ನಿಜಕ್ಕೂ ಬೇಕೇ ಅನ್ನೋದು ಅದರ ಪ್ರಶ್ನೆ. 12 ದೇಶಗಳ 490 ಗಂಡಸರನ್ನು ನೋಡಿದರು. ಇಂಜೆಕ್ಷನ್ ಸಹಿತ ಚಿತ್ರದಿಂದ ಅಪಾಯದ ಕ್ಯಾನ್ಸರ್ ಸಿಕ್ಕಿದ್ದು ನೂರಕ್ಕೆ 29.6 ಜನರಲ್ಲಿ, ಇಂಜೆಕ್ಷನ್ ಇಲ್ಲದೆ 29.2. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ.

ಇದರ ಅರ್ಥ ವ್ಯಾಪಾರಿಗಳಿಗೆ ಬೇಗ ಹೊಳೆಯುತ್ತೆ. ಇಂಜೆಕ್ಷನ್ ಖರ್ಚಿಲ್ಲ. ಅರ್ಧ ಗಂಟೆ ದಾಟೋ ಸ್ಕ್ಯಾನ್ ಇಪ್ಪತ್ತು ನಿಮಿಷದ ಒಳಗೆ ಮುಗಿಯಬಹುದು. ಅದೇ ಯಂತ್ರದಲ್ಲಿ ಅದೇ ದಿನ ಹೆಚ್ಚು ಜನರನ್ನು ನೋಡಬಹುದು. ಶುಗರ್‌ನಿಂದ ಕಿಡ್ನಿ ಸೊರಗಿದವರಿಗೆ ಕಾಂಟ್ರಾಸ್ಟ್ ಕೊಡೋಕೆ ಹಿಂಜರಿಯೋ ತಾಪತ್ರಯವೂ ತಪ್ಪುತ್ತೆ. ಆದರೆ ಒಂದು ಷರತ್ತು. ಆ ಅಧ್ಯಯನದಲ್ಲಿ ಚಿತ್ರಗಳ ಗುಣಮಟ್ಟ ಚೆನ್ನಾಗಿತ್ತು, ಓದಿದವರು ಪಳಗಿದವರು. ಯಂತ್ರ ಇದ್ದ ಕಡೆಯೆಲ್ಲ ಅದೇ ಫಲ ಸಿಗುತ್ತೆ ಅಂತ ಅಲ್ಲ.

ಹೊಸ ಜಾತಿಯ ಸೂಕ್ಷ್ಮ ಅಲ್ಟ್ರಾಸೌಂಡ್ ಕೂಡ ಬಂದಿದೆ. 29 ಮೆಗಾಹರ್ಟ್ಸ್‌ನಲ್ಲಿ ನಡೆಯುವ ಈ ಕಡ್ಡಿ ಎಂಆರ್‌ಐಗೆ ಕಮ್ಮಿ ಇಲ್ಲ ಅಂತ 2025ರ 'ಆಪ್ಟಿಮಮ್' ಅಧ್ಯಯನ ಹೇಳಿತು. ಅದರ ಉಪಕರಣ, ತರಬೇತಿ ಎರಡೂ ವಿಶೇಷವಾದ್ದು, ಅದಕ್ಕಾಗಿ ಕಾಯ್ತಾ ಕೂರೋದು ಬೇಡ.

ಪೆಟ್ ಸ್ಕ್ಯಾನ್: ಊರು ಬಿಟ್ಟು ಹೋದ ಕಳ್ಳನನ್ನು ಹುಡುಕೋಕೆ

ಈಗ ಎಲ್ಲರ ಬಾಯಲ್ಲಿರೋ ಪೆಟ್ ವಿಷಯ. ಮೊದಲು ತಿಳಿಯಬೇಕಾದ್ದು, ಪೆಟ್‌ನಲ್ಲೂ ಬೇರೆ ಬೇರೆ ಇವೆ. ಹೆಚ್ಚಿನ ಕ್ಯಾನ್ಸರ್‌ಗೆ ಬಳಸೋದು ಎಫ್‌ಡಿಜಿ, ಅದು ಸಕ್ಕರೆಯಂಥ ವಸ್ತು. ಪ್ರಾಸ್ಟೇಟ್ ಕ್ಯಾನ್ಸರ್ ಸಾಮಾನ್ಯವಾಗಿ ಸಕ್ಕರೆಗೆ ಆಸೆಪಡುವ ಜಾತಿ ಅಲ್ಲ, ಹಾಗಾಗಿ ಎಫ್‌ಡಿಜಿಯಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ. ಇದಕ್ಕೆ ಬೇಕಾದ್ದು ಪಿಎಸ್‌ಎಂಎ ಪೆಟ್. ಪ್ರಾಸ್ಟೇಟ್ ಕ್ಯಾನ್ಸರ್ ಕಣದ ಮೇಲ್ಮೈಯಲ್ಲಿರೋ ಒಂದು ಪ್ರೊಟೀನ್‌ಗೆ ಅಂಟಿಕೊಳ್ಳುವ ವಿಕಿರಣ ವಸ್ತುವನ್ನು ರಕ್ತಕ್ಕೆ ಬಿಟ್ಟು, ಅದು ಎಲ್ಲೆಲ್ಲಿ ಹೊಳೆಯುತ್ತೆ ಅಂತ ನೋಡ್ತಾರೆ. 'ಪೆಟ್ ಮಾಡಿಸಿ' ಅಂದರೆ 'ಯಾವ ಪೆಟ್ ಸಾರ್?' ಅಂತ ಕೇಳೋದರಲ್ಲಿ ನಾಚಿಕೆ ಏನಿಲ್ಲ.

ಇದರ ಶಕ್ತಿ ಇರೋದು, ಖಚಿತವಾದ ಕ್ಯಾನ್ಸರ್ ಗ್ರಂಥಿ ಬಿಟ್ಟು ಹೊರಗೆ ಹೋಗಿದೆಯಾ ಅಂತ ಹುಡುಕೋದರಲ್ಲಿ. ಮೊದಲು ಆ ಕೆಲಸಕ್ಕೆ ಸಿಟಿ ಸ್ಕ್ಯಾನ್ ಮತ್ತು ಬೋನ್ ಸ್ಕ್ಯಾನ್ ಬಳಸ್ತಾ ಇದ್ದರು. ಸಿಟಿ ಗ್ರಂಥಿಯೊಳಗಿನ ಕ್ಯಾನ್ಸರ್‌ಗೆ ಉಪಯೋಗವಿಲ್ಲ, ದೊಡ್ಡ ಗಂಟುಗಳನ್ನು ತೋರಿಸುತ್ತೆ ಅಷ್ಟೆ. ಬೋನ್ ಸ್ಕ್ಯಾನ್‌ನಲ್ಲಿ ಹಳೇ ಮೂಳೆ ಮುರಿತ, ಮಂಡಿ ಸವೆತ ಎಲ್ಲವೂ ಹೊಳೆದು ಗೊಂದಲ. ಆಸ್ಟ್ರೇಲಿಯಾದಲ್ಲಿ ನಡೆದ 'ಪ್ರೊಪಿಎಸ್‌ಎಂಎ' ಅಧ್ಯಯನ 2020ರಲ್ಲಿ ಇವನ್ನು ಎದುರುಬದುರು ಇಟ್ಟಿತು. ಕ್ಯಾನ್ಸರ್ ತೀವ್ರ ಇರೋ ಸುಮಾರು 300 ಜನ. ಪಿಎಸ್‌ಎಂಎ ಪೆಟ್ 92ರಷ್ಟು ನಿಖರ, ಸಿಟಿ ಮತ್ತು ಬೋನ್ ಸ್ಕ್ಯಾನ್ ಎರಡೂ ಸೇರಿ 65. ವಿಕಿರಣವೂ ಪೆಟ್‌ನಲ್ಲಿ ಅರ್ಧಕ್ಕಿಂತ ಕಡಿಮೆ.

ಆದರೆ ಗಮನಿಸಿ, ಅವರೆಲ್ಲ ಬಯಾಪ್ಸಿಯಲ್ಲಿ ಕ್ಯಾನ್ಸರ್ ಖಚಿತವಾದವರು. ಬರೀ ಪಿಎಸ್‌ಎ 6 ಇರೋರು ನೇರ ಪೆಟ್‌ಗೆ ಹೋಗೋದು, ಮನೆಗೆ ಕಳ್ಳ ನುಗ್ಗಿದ್ದಾನಾ ಅಂತ ನೋಡೋ ಮೊದಲೇ ರೈಲ್ವೆ ಸ್ಟೇಷನ್‌ನಲ್ಲಿ ಪೊಲೀಸ್ ನಿಲ್ಲಿಸಿದ ಹಾಗೆ. ಬೇಗ ಬೆಳೆಯದ, ಗ್ರೇಡ್ ಕಡಿಮೆ ಇರೋ ಕ್ಯಾನ್ಸರ್‌ಗೂ ಪೆಟ್ ಬೇಕಾಗಲ್ಲ. ಇನ್ನೊಂದು ಗಾಬರಿ: ಲಾಲಾರಸ ಗ್ರಂಥಿ, ಕಿಡ್ನಿ, ಮೂತ್ರಕೋಶ ಈ ಸ್ಕ್ಯಾನ್‌ನಲ್ಲಿ ಸಹಜವಾಗೇ ಹೊಳೀತವೆ. ಚಿತ್ರ ನೋಡಿ 'ಕತ್ತಿಗೂ ಹೋಗಿಬಿಟ್ಟಿದೆ' ಅಂತ ಮನೆಯಲ್ಲೇ ತೀರ್ಪು ಕೊಡಬೇಡಿ.

ಪೆಟ್ ಯಂತ್ರ ಇದ್ದ ಕಡೆಯೆಲ್ಲ ಪಿಎಸ್‌ಎಂಎ ಯಾಕೆ ದಿನಾ ಇರಲ್ಲ ಅನ್ನೋದಕ್ಕೂ ಕಾರಣ ಇದೆ. ಅದಕ್ಕೆ ಬಳಸುವ ಗ್ಯಾಲಿಯಂ-68 ಅನ್ನೋ ವಸ್ತು 68 ನಿಮಿಷಕ್ಕೆ ಅರ್ಧ ಆಗುತ್ತೆ. ಬೆಂಗಳೂರಿನಲ್ಲಿ ತುಂಬಿಸಿಕೊಂಡು ಹೊರಟರೆ, ಎಕ್ಸ್‌ಪ್ರೆಸ್‌ವೇ ಎಷ್ಟೇ ಖಾಲಿ ಇದ್ದರೂ ಶ್ರೀರಂಗಪಟ್ಟಣ ದಾಟೋ ಹೊತ್ತಿಗೆ ಅರ್ಧ ಮುಗಿದಿರುತ್ತೆ. ಹಾಗಾಗಿ ಅದನ್ನು ಅಲ್ಲೇ ತಯಾರಿಸೋ ಜನರೇಟರ್ ಆ ಆಸ್ಪತ್ರೆಯಲ್ಲೇ ಇರಬೇಕು. ಇನ್ನೊಂದು ಜಾತಿ, ಫ್ಲೋರಿನ್-18 ಬಳಸೋದು, ಅರ್ಧ ಆಗೋಕೆ 110 ನಿಮಿಷ. ಅದು ಸ್ವಲ್ಪ ದೂರ ಪ್ರಯಾಣ ತಡೆಯುತ್ತೆ. ಎಷ್ಟೋ ಕೇಂದ್ರಗಳು ವಾರದಲ್ಲಿ ಗೊತ್ತಾದ ದಿನ ನಾಲ್ಕಾರು ಜನರನ್ನು ಸೇರಿಸಿ ಒಟ್ಟಿಗೆ ಮಾಡ್ತಾರೆ. ಫೋನ್ ಮಾಡಿ ದಿನ ಕೇಳಿಕೊಂಡೇ ಹೊರಡಬೇಕು.

ದುಡ್ಡಿನ ಲೆಕ್ಕ, ಸರ್ಕಾರದ ಲೆಕ್ಕ

ಪಿಎಸ್‌ಎ, ಹೊಟ್ಟೆ ಸ್ಕ್ಯಾನ್ ನೂರು ಸಾವಿರದ ಲೆಕ್ಕ. ಎಂಆರ್‌ಐ ಕೆಲವು ಸಾವಿರ. ಪಿಎಸ್‌ಎಂಎ ಪೆಟ್ ಹತ್ತಾರು ಸಾವಿರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತೆ. ಆದರೆ ಅದು ಪ್ಯಾಕೇಜ್ ಲೆಕ್ಕದ ಯೋಜನೆ. ಕ್ಯಾನ್ಸರ್ ಅಂತ ಹೆಸರು ಬಿದ್ದ ಮೇಲೆ ಆಪರೇಷನ್‌ಗೆ, ರೇಡಿಯೇಷನ್‌ಗೆ ದಾರಿ ಇದೆ. ಹೆಸರು ಬೀಳೋ ಮೊದಲಿನ ಹೊರರೋಗಿ ಪರೀಕ್ಷೆಗಳ ಖರ್ಚು ಬಹುಪಾಲು ಜೇಬಿನಿಂದಲೇ ಹೋಗೋದು. ತಾಲ್ಲೂಕಿನ ಜನ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಆಮೇಲೆ ಕಾರ್ಡ್ ತೆಗೆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಎಲ್ಲಿ ಅಂತ ಕೇಳ್ತಾರೆ. ಮೊದಲೇ ಕೆ.ಆರ್. ಆಸ್ಪತ್ರೆ ಅಥವಾ ತಾಲ್ಲೂಕು ಆಸ್ಪತ್ರೆ ಚೀಟಿ ಮಾಡಿಸಿಕೊಂಡರೆ ಆ ತಿರುಗಾಟ ಉಳಿಯುತ್ತೆ.

ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಇವೆ, ಪ್ರಾಸ್ಟೇಟ್ ಇಲ್ಲ. ಎಲ್ಲ ಗಂಡಸರಿಗೂ ಪಿಎಸ್‌ಎ ಮಾಡೋದರಿಂದ ಬೇಡದ ಚಿಕಿತ್ಸೆ ಹೆಚ್ಚುತ್ತೆ ಅನ್ನೋ ಭಯ ಬೇರೆ ದೇಶಗಳಲ್ಲೂ ಇದೆ, ಅದು ತಪ್ಪಲ್ಲ. ಆದರೆ ಲಕ್ಷಣ ಇದ್ದು ಬಂದವರಿಗೆ, ಅಪ್ಪ ಅಣ್ಣಂದಿರಿಗೆ ಈ ಕಾಯಿಲೆ ಇದ್ದವರಿಗೆ ಒಂದು ಸರಿಯಾದ ದಾರಿ ಇರಬೇಕಲ್ಲ?

ನಮ್ಮ ಜಿಲ್ಲೆಯಲ್ಲಿ ಆರೋಗ್ಯದ ಬೇಡಿಕೆ ಅಂದರೆ ಯಂತ್ರದ ಬೇಡಿಕೆ ಆಗಿಬಿಟ್ಟಿದೆ. ಹೊಸ ಪೆಟ್ ಯಂತ್ರ ಅಂದರೆ ಉದ್ಘಾಟನೆ, ಟೇಪ್, ಫೋಟೋ. ಪ್ರಾಸ್ಟೇಟ್ ಮಟ್ಟಿಗೆ ಅದಕ್ಕಿಂತ ಮೊದಲು ಬೇಕಾದ್ದು ಬೇರೆ. ಮೈಸೂರು, ಚಾಮರಾಜನಗರ, ಮಂಡ್ಯ, ಕೊಡಗಿನ ಬಡವರು ಬರೋ ಕೆ.ಆರ್. ಆಸ್ಪತ್ರೆಯಂಥ ಕಡೆ ವಾರಕ್ಕೆ ಎರಡು ದಿನ ಇಂಜೆಕ್ಷನ್ ಇಲ್ಲದ ಪ್ರಾಸ್ಟೇಟ್ ಎಂಆರ್‌ಐಗೆ ಅಂತಲೇ ಸಮಯ ಮೀಸಲಿಡಲಿ. ಅದನ್ನು ಓದೋಕೆ ಒಬ್ಬಿಬ್ಬರು ರೇಡಿಯಾಲಜಿ ಡಾಕ್ಟರು ಪಳಗಲಿ, ಯಾಕೆಂದರೆ ಒಂದೇ ಚಿತ್ರಕ್ಕೆ ಒಬ್ಬರು 3 ಕೊಟ್ಟು ಇನ್ನೊಬ್ಬರು 4 ಕೊಡೋದು ಈ ಸ್ಕ್ಯಾನ್‌ನ ದೊಡ್ಡ ಕಷ್ಟ. ಗುರಿ ಇಟ್ಟು ಸೂಜಿ ಹಾಕೋದನ್ನು ಮೂತ್ರರೋಗ ವಿಭಾಗ ಗುದದ್ವಾರದ ಬದಲು ಅದರ ಮುಂಭಾಗದ ಚರ್ಮದ ಮೂಲಕ ಮಾಡಿದರೆ ಸೋಂಕೂ ಕಡಿಮೆ. ಕೆಆರ್‌ಎಸ್ ರಸ್ತೆಗೆ ಜಯದೇವ ಬಂದ ಮೇಲೆ ಎದೆನೋವಿಗೆ ಬೆಂಗಳೂರು ದಾರಿ ಹಿಡಿಯೋದು ಕಡಿಮೆ ಆಯಿತು. ಅಲ್ಲಿ ಬಂದಿದ್ದು ಬರೀ ಯಂತ್ರ ಅಲ್ಲ, ದಿನಾ ಅದೇ ಕೆಲಸ ಮಾಡೋ ಜನ. ಶಾಸಕರು, ಸಂಸದರು ಊರಿಗೆ ಬಂದಾಗ 'ಪೆಟ್ ಯಾವಾಗ' ಅಂತ ಕೇಳೋ ಬದಲು 'ಎಂಆರ್‌ಐ ಸರದಿ ಎಷ್ಟು ದಿನ, ಓದೋರು ಯಾರು' ಅಂತ ಕೇಳಿ ನೋಡಿ.

ಎಂಆರ್‌ಐಗೆ ಹೋಗೋರಿಗೆ ಕೆಲವು ಮಾತು. ಪೇಸ್‌ಮೇಕರ್ ಇದ್ದರೆ, ಸೊಂಟದ ಕೀಲು ಬದಲಾಯಿಸಿದ್ದರೆ ಮೊದಲೇ ಹೇಳಿ. ಸೊಂಟದ ಲೋಹ ಪಕ್ಕದಲ್ಲೇ ಇರೋ ಪ್ರಾಸ್ಟೇಟ್ ಚಿತ್ರವನ್ನು ಕೆಡಿಸುತ್ತೆ. ಹಿಂದೆ ಬಯಾಪ್ಸಿ ಆಗಿದ್ದರೆ ತಾರೀಖು ಹೇಳಿ. ರಿಪೋರ್ಟ್ ಹಾಳೆ ಮಾತ್ರ ಈಸಿಕೊಂಡು ಬರಬೇಡಿ, ಸಿಡಿ ಕೂಡ ಕೇಳಿ ಪಡೆಯಿರಿ. ಬೇರೆ ಡಾಕ್ಟರಿಗೆ ತೋರಿಸುವಾಗ ಅವರಿಗೆ ಬೇಕಾಗೋದು ಚಿತ್ರ, ಹಾಳೆಯಲ್ಲಿರೋ ನಾಲ್ಕು ಸಾಲು ಅಲ್ಲ. ಅದಿಲ್ಲ ಅಂದರೆ ಇನ್ನೊಂದು ಆಸ್ಪತ್ರೆಯಲ್ಲಿ ಅದೇ ಸ್ಕ್ಯಾನ್‌ಗೆ ಮತ್ತೆ ದುಡ್ಡು ಕಟ್ಟಬೇಕಾಗುತ್ತೆ.